ಕಣ್ಣು ತೆರೆಯದ ತಾಯಿ

ಒಂದು ರಾಜಧಾನಿಯಲ್ಲಿ ದೇವಣಾಚಾರಿ ಎಂಬ ಸ್ಥಪತಿ ಇದ್ದ. ಅರಸ ಅವನನ್ನು ಕರೆಸಿ, "ಚಿತ್ರಗಾರ ಕೋದಂಡಪ್ಪನವರಿಗೆ ವಯಸ್ಸಾಯಿತು. ಅವರು ಬರೆದ ದೇವರ ಚಿತ್ರಗಳಿಗೆಲ್ಲ ಒಂದು ಚಿತ್ರಶಾಲೆ ಕಟ್ಟು" ಎಂದ.

ದೇವಣಾಚಾರಿಗೆ ಹಿಡಿಸಲಾರದಷ್ಟು ಸಂತೋಷ. ಕೋದಂಡಪ್ಪನವರೆಂದರೆ ಅವನಿಗೆ ಅಷ್ಟು ಭಕ್ತಿ. ಅವರ ಚಿತ್ರಗಳನ್ನೇ ನೋಡಿ ನೋಡಿ ನಕ್ಷೆ ಬರೆದ. ಕೃಷ್ಣನ ನಿಲುವಿನ ಬಾಗು ಕಂಬಕ್ಕೆ ಬಂತು. ಶಾರದೆಯ ಸೀರೆಯ ನಿರಿಗೆ ಮೆಟ್ಟಿಲಾಯಿತು.

ಆಗ ಕೋದಂಡಪ್ಪನವರು ತಮ್ಮ ಕೊನೆಯ ಚಿತ್ರವನ್ನು ಬರೆಯುತ್ತಿದ್ದರು. ಅದು ರಾಜರಾಜೇಶ್ವರಿಯ ಚಿತ್ರ. ಒಡವೆಗಳಿಗೆ ಚಿನ್ನದ ರೇಕು ಹಚ್ಚಿ ಆಗಿತ್ತು. ತುಟಿಯಲ್ಲಿ ನಗೆ ಮೂಡಿತ್ತು. ಕಣ್ಣು ಮಾತ್ರ ಬರೆದಿರಲಿಲ್ಲ. ಅವರ ಮನೆತನದ ನಡಾವಳಿಯೇ ಹಾಗೆ. ದೇವರ ಚಿತ್ರ ತಾನು ನೆಲೆಸುವ ಗೋಡೆಯನ್ನು ಏರಿದ ಮೇಲೆಯೇ ಅದಕ್ಕೆ ಕಣ್ಣು ಬರೆಯಬೇಕು. ತಾಯಿಯ ಮೊದಲ ನೋಟ ಅವಳ ಮನೆಯಲ್ಲೇ ಬೀಳಬೇಕು.

ಇತ್ತ ಕೋದಂಡಪ್ಪನವರ ದೃಷ್ಟಿ ಮಂಜಾಗುತ್ತಾ ಬಂದಿತ್ತು.

"ಆಚಾರ್ರೇ, ಬೇಗ ಮುಗಿಸಿ" ಎಂದು ಅವರು ನಗುತ್ತಲೇ ಹೇಳಿದರು. "ತಾಯಿ ಕಣ್ಣು ಬಿಡುವುದು ಮೊದಲೋ, ನನ್ನ ಕಣ್ಣು ಮುಚ್ಚುವುದು ಮೊದಲೋ, ಪಂದ್ಯ ಬಿದ್ದಿದೆ!"

"ಇನ್ನೇನು ಆಗೇ ಹೋಯಿತು ಅಯ್ಯಾ" ಎಂದ ದೇವಣಾಚಾರಿ.

ನಿಜಕ್ಕೂ ಗೋಡೆ ಎದ್ದಿತ್ತು, ಮಾಡು ಕೂತಿತ್ತು. ಆದರೆ ಅವನಿಗೆ ಸಮಾಧಾನವಿಲ್ಲ. ತಾಯಿಯ ಹುಬ್ಬಿನ ಹಾಗೆ ಇರಬೇಕಾದ ಕಮಾನು ಒಂದು ಎಳೆ ಹೆಚ್ಚು ಬಾಗಿದೆ ಅನ್ನಿಸಿತು. ಕೆಡವಿಸಿದ. ಮತ್ತೆ ಕಟ್ಟಿಸಿದ. ಆಮೇಲೆ ಕಂಬದ ಕಲ್ಲು ಒಪ್ಪಲಿಲ್ಲ. ಅದನ್ನೂ ತೆಗೆಸಿದ.

ಕೋದಂಡಪ್ಪನವರ ಹೆಂಡತಿ ಸಿಂಗಮ್ಮ ಒಂದು ದಿನ ಬಿಸಿಲಲ್ಲಿ ನಡೆದು ಬಂದರು. "ದೇವಣ್ಣಾ, ಈಗೀಗ ಅವರು ಅನ್ನವನ್ನೂ ತಡಕಾಡಿ ಉಣ್ಣುತ್ತಾರಪ್ಪ. ಗೋಡೆ ಇದೆಯಲ್ಲ, ಸಾಕು. ಚಿತ್ರವನ್ನು ಇವತ್ತೇ ತರಿಸು. ಕಣ್ಣೊಂದು ಬರೆದುಬಿಡಲಿ."

"ಕಲ್ಲುಪುಡಿ, ಧೂಳಿನ ನಡುವೆ ತಾಯಿ ಕಣ್ಣು ಬಿಡಬೇಕೇ ಅಮ್ಮಾ? ಅಯ್ಯನವರಿಗೆ ಅದು ಮರ್ಯಾದೆಯೇ?"

"ತಾಯಿಗೆ ಧೂಳು ಹೊಸದೇನಪ್ಪ? ಅವಳು ಹಡೆದ ಮಕ್ಕಳೆಲ್ಲ ಧೂಳಲ್ಲೇ ಇದ್ದೇವೆ."

ದೇವಣಾಚಾರಿ ತಲೆ ತಗ್ಗಿಸಿದ. ಆದರೆ ಅವನ ಮನಸ್ಸಿನ ತುಂಬ ಆ ಕಮಾನೇ ಇತ್ತು. "ಮಳೆಗಾಲ ಕಳೆಯಲಿ ಅಮ್ಮಾ" ಎಂದುಬಿಟ್ಟ.

ಮಳೆಗಾಲ ಕಳೆಯಿತು. ಚಿತ್ರಶಾಲೆಯ ಬಾಗಿಲು ತೆರೆಯಿತು. ಅರಸ ಬಂದ, ಊರಿಗೆ ಊರೇ ಬಂತು. ಕಮಾನು ನೋಡಿದವರೆಲ್ಲ "ಆಹಾ" ಎಂದರು. ತಾಯಿಯನ್ನು ಗೋಡೆಗೆ ಏರಿಸಿದರು. ಸಿಂಗಮ್ಮ ಗಂಡನ ಕೈ ಹಿಡಿದು ಕರೆತಂದು ಚಿತ್ರದ ಮುಂದೆ ನಿಲ್ಲಿಸಿದರು.

ಕೋದಂಡಪ್ಪನವರು ಕುಂಚ ಹಿಡಿದರು. ಎಡಗೈಯಿಂದ ತಾಯಿಯ ಮುಖವನ್ನು ಮೆಲ್ಲಗೆ ಸವರಿದರು. ಕೈ ಅಲ್ಲೇ ನಿಂತಿತು.

"ಆಚಾರ್ರೇ, ಬೆಳಕು ತುಂಬ ಚೆನ್ನಾಗಿ ಬರುತ್ತದಂತಲ್ಲ ಇಲ್ಲಿ?" ಎಂದು ಕೇಳಿದರು. ಕುಂಚವನ್ನು ಹೆಂಡತಿಯ ಕೈಗೆ ಕೊಟ್ಟರು.

ದೇವಣಾಚಾರಿ ಅವರ ಕಾಲಿಗೆ ಬಿದ್ದ. "ಬೇರೆ ಯಾರಿಂದಲಾದರೂ ಬರೆಸೋಣ ಅಯ್ಯಾ..."

"ಬರೆಸಿ. ಕಣ್ಣು ಆದೀತು. ನಾನು ಇಷ್ಟು ಕಾಲ ಎದೆಯಲ್ಲಿ ಇಟ್ಟುಕೊಂಡಿದ್ದ ನೋಟ ಆಗಲಾರದು" ಎಂದರು ಅವರು. ಸಿಟ್ಟಿರಲಿಲ್ಲ ಆ ಮಾತಿನಲ್ಲಿ. ಸಿಟ್ಟಾದರೂ ಇದ್ದಿದ್ದರೆ ದೇವಣಾಚಾರಿಗೆ ತಡೆದುಕೊಳ್ಳುವುದು ಸುಲಭವಾಗುತ್ತಿತ್ತು.

ಆ ಚಿತ್ರವನ್ನು ಮುಟ್ಟಲು ಯಾರಿಗೂ ಧೈರ್ಯ ಬರಲಿಲ್ಲ. ಮುಂದಿನ ಬೇಸಿಗೆಗೆ ಕೋದಂಡಪ್ಪನವರು ತಾಯಿಯ ಪಾದ ಸೇರಿದರು. ದೇವಣಾಚಾರಿ ಮತ್ತೆ ಉಳಿ ಹಿಡಿಯಲಿಲ್ಲ. ದಿನಾ ಸಂಜೆ ಬಂದು ದೀಪ ಹಚ್ಚಿ, "ಒಮ್ಮೆ ನನ್ನ ಕಡೆ ನೋಡು ತಾಯಿ" ಎಂದು ಬೇಡುತ್ತಿದ್ದ.

ತಾಯಿಯ ಕರುಣೆಗೆ ಬರೆದ ಕಣ್ಣು ಬೇಕಿಲ್ಲ, ಮಕ್ಕಳೇ. ಅವಳು ಅವನನ್ನು ಎಂದೋ ಕ್ಷಮಿಸಿದ್ದಾಳು. ಆದರೆ ಆ ನೋಟವನ್ನು ಈ ಲೋಕ ಕಾಣಲೇ ಇಲ್ಲ.

ನೀತಿ: ಹಿರಿಯರ ಸೇವೆಯನ್ನು ಅವರಿಗೆ ಬೇಕಾದ ಹೊತ್ತಿಗೇ ಮಾಡಬೇಕು. ನಮ್ಮ ಕೈಚಳಕ ಇನ್ನಷ್ಟು ಮೆರೆಯಲಿ ಎಂದು ಅವರನ್ನು ಕಾಯಿಸಿದರೆ, ಅದು ಭಕ್ತಿಯ ವೇಷ ತೊಟ್ಟ ಅಹಂಕಾರ.