ಸೋರೆ ಬುರುಡೆಯ ಸಾಷ್ಟಾಂಗ

"ನನ್ನ ಮಗಳ ಮದುವೆ ನೆಲದ ಮೇಲೆ ನಡೆಯುವುದಿಲ್ಲ!" ಎಂದು ಕೆಂಗಲ್ಲೂರಿನ ರಾಜ ಕಲಿಮಲ್ಲ ತುಂಬಿದ ಸಭೆಯಲ್ಲಿ ಮೀಸೆ ತಿರುವಿದ. "ಹಿರಿಕೆರೆಯ ನಟ್ಟನಡುವೆ, ತೇಲುವ ಮಂಟಪದಲ್ಲಿ ನಡೆಯುತ್ತದೆ. ನೆಂಟರಾಗಿ ಬಂದ ರಾಜರೆಲ್ಲ ಹೊಟ್ಟೆ ಉರಿದುಕೊಂಡು ಹೋಗಬೇಕು!"

ಮಂತ್ರಿ ಭುಜಂಗಯ್ಯ ಆಗಲೇ ನಕ್ಷೆ ಬಿಡಿಸಿದ್ದ. "ದೊಡ್ಡದೊಂದು ತೆಪ್ಪ, ಅದರ ಮೇಲೆ ಮಂಟಪ, ದಡದ ಮರಕ್ಕೆ ಹಗ್ಗ. ಎಲ್ಲವನ್ನೂ ಯೋಚಿಸಿದ್ದೇನೆ, ಪ್ರಭು. ಎಳ್ಳಷ್ಟೂ ಅಪಾಯವಿಲ್ಲ."

ಸಭೆಯೆಲ್ಲ ಭಲೇ ಎಂದಿತು. ವಿದೂಷಕ ಸೋವಣ್ಣ ಮಾತ್ರ ಎದ್ದು ನಿಂತ.

"ಪ್ರಭು, ಒಂದು ವೇಳೆ ಗಾಳಿ ಎದ್ದರೆ?"

"ಏಳುವುದಿಲ್ಲ," ಎಂದ ಭುಜಂಗಯ್ಯ.

"ಒಂದು ವೇಳೆ ತಾಳಿ ಕಟ್ಟುವುದನ್ನು ನೋಡಲು ಜನರೆಲ್ಲ ಒಂದೇ ಕಡೆಗೆ ನುಗ್ಗಿದರೆ?"

"ಅರಮನೆಯ ಜನ ನುಗ್ಗುವುದಿಲ್ಲ."

"ಒಂದು ವೇಳೆ ಹಗ್ಗ..."

"ಸಾಕು!" ರಾಜ ಗುಡುಗಿದ. "ಶುಭಕಾರ್ಯದ ಹೊಸ್ತಿಲಲ್ಲಿ ಅಪಶಕುನದ ಮಾತೇ? ಮದುವೆ ಮುಗಿಯುವ ತನಕ ಯಾರ ಬಾಯಿಂದ 'ಒಂದು ವೇಳೆ' ಬರುತ್ತದೋ ಅವರಿಗೆ ಗಡಿಪಾರು!"

ಸೋವಣ್ಣನ ಬಳಿ ಇನ್ನೂ ಹತ್ತಾರು ಪ್ರಶ್ನೆಗಳಿದ್ದವು; ನುಂಗಿಕೊಂಡು ಕುಳಿತ.

ಸಂಜೆ ಹೂದೋಟದಲ್ಲಿ ರಾಜಕುಮಾರಿ ಪದ್ಮಲೆ ಅವನನ್ನು ತಡೆದಳು. ಅವನ ಕತೆಗಳನ್ನು ಕೇಳಿಯೇ ಬೆಳೆದ ಹುಡುಗಿ.

"ಸೋವಣ್ಣ ಮಾವ, ನನಗೆ ಈಜು ಬರುವುದಿಲ್ಲ. ಮೈಮೇಲೆ ಮಣಭಾರದ ಒಡವೆ ಬೇರೆ. ಅಪ್ಪಾಜಿ ಇದನ್ನು ಯೋಚಿಸಿದ್ದಾರೆಯೇ?"

"ಯೋಚಿಸುವುದು ಅಪಶಕುನವಂತೆ, ತಾಯಿ," ಎಂದ ಸೋವಣ್ಣ. ನಗಿಸಲು ಆಡಿದ ಮಾತಿಗೆ ಅವಳು ನಗಲಿಲ್ಲ.

ಅವನು ನೆಟ್ಟಗೆ ಪೇಟೆಗೆ ನಡೆದ. ಈಜು ಕಲಿಯುವವರು ಸೊಂಟಕ್ಕೆ ಕಟ್ಟಿಕೊಳ್ಳುತ್ತಾರಲ್ಲ, ಅಂಥ ಒಣಗಿದ ಸೋರೆ ಬುರುಡೆಯೊಂದನ್ನು ಹುಡುಗಿಗೆ ಕೊಂಡುಕೊಡೋಣ ಎಂದು ಅವನ ಯೋಚನೆ.

ಬುರುಡೆ ಮಾರುವ ಕಾಳವ್ವ ಖಾಲಿ ಬುಟ್ಟಿ ತೋರಿಸಿದಳು. "ಒಂದೂ ಉಳಿದಿಲ್ಲ, ಸ್ವಾಮಿ. ಅರಮನೆ ಬೀದಿಯ ಆಳುಗಳೆಲ್ಲ ಬಂದು ಹೊತ್ತುಕೊಂಡು ಹೋದರು. ಮಂತ್ರಿಗಳ ಮನೆಯವರಂತೂ ದಪ್ಪ ದಪ್ಪ ಬುರುಡೆಗಳನ್ನೇ ಆರಿಸಿದರು. ಈ ವಯಸ್ಸಿನಲ್ಲಿ ದೊಡ್ಡವರಿಗೆ ಈಜಿನ ಹುಚ್ಚು ಯಾಕೆ ಹಿಡಿಯಿತೋ!"

ಸೋವಣ್ಣನ ಮುಖ ಅರಳಿತು. ಮರುದಿನವೇ ರಾಜನ ಮುಂದೆ ಕೈಮುಗಿದು ನಿಂತ. "ಪ್ರಭು, ಮದುವೆಗೆ ಮುಂಚೆ ಎಲ್ಲರೂ ಒಮ್ಮೆ ತೆಪ್ಪ ಹತ್ತಿ ಕುಳಿತು ನೋಡಲಿ. ಹತ್ತುವ ಮೊದಲು ದಡದಲ್ಲಿ ಗಂಗೆಗೆ ಪೂಜೆಯಾಗಲಿ, ಸಭೆಯವರೆಲ್ಲ ಸಾಷ್ಟಾಂಗ ನಮಸ್ಕಾರ ಮಾಡಲಿ."

"ಅಂತೂ ನಿನ್ನ ಬಾಯಿಂದ ಒಂದು ಶುಭದ ಮಾತು ಬಂತು!" ಎಂದು ರಾಜ ಒಪ್ಪಿದ.

ಪೂಜೆಯ ದಿನ ಸಭೆಯವರೆಲ್ಲ ಬಿಸಿಲಿನಲ್ಲೂ ದಪ್ಪ ಶಾಲು ಹೊದ್ದು ಬಂದರು. ಭುಜಂಗಯ್ಯನ ಹೊಟ್ಟೆ ಎಂದಿಗಿಂತ ದುಪ್ಪಟ್ಟಾಗಿತ್ತು.

"ಊಟ ಜೋರಾಗಿತ್ತೇ, ಮಂತ್ರಿಗಳೇ?" ಎಂದ ಸೋವಣ್ಣ.

"ನಿನ್ನ ಕೆಲಸ ನೋಡಿಕೋ."

ಪುರೋಹಿತರು ಆರತಿ ಎತ್ತಿದರು. "ಎಲ್ಲರೂ ಸಾಷ್ಟಾಂಗ ಮಾಡಿ!"

"ನನಗೆ ಸೊಂಟ ನೋವು, ನಿಂತೇ ಕೈಮುಗಿಯುತ್ತೇನೆ," ಎಂದ ರಾಜ.

ಉಳಿದವರಿಗೆ ನೆಪ ಹೇಳಲು ಪುರಸೊತ್ತಾಗಲಿಲ್ಲ. ಭುಜಂಗಯ್ಯ ಬೋರಲು ಮಲಗಿದ. ಕೈಕಾಲು ಯಾವುದೂ ನೆಲ ಮುಟ್ಟಲಿಲ್ಲ. ತಲೆ ತಗ್ಗಿಸಿದರೆ ಕಾಲು ಮೇಲೆ, ಕಾಲು ತಗ್ಗಿಸಿದರೆ ತಲೆ ಮೇಲೆ. ಖಜಾಂಚಿ ಪಕ್ಕಕ್ಕೆ ಉರುಳಿ ಸೇನಾಪತಿಗೆ ಡಿಕ್ಕಿ ಹೊಡೆದ. ಸೇನಾಪತಿಯ ಶಾಲಿನೊಳಗಿಂದ ಬುರುಡೆಯೊಂದು ಕಳಚಿ, ಇಳಿಜಾರಿನಲ್ಲಿ ಪುಟಿಯುತ್ತ ಕೆರೆಗೆ ಬಿದ್ದು ಹಾಯಾಗಿ ತೇಲಿತು.

"ಏನಿದು, ಭುಜಂಗಯ್ಯ?" ರಾಜ ಕೂಗಿದ.

"ಅದು... ಸುಮ್ಮನೆ... ಮನೆಯವಳು ಕಟ್ಟಿದಳು, ಪ್ರಭು."

ಸೋವಣ್ಣ ಮುಂದೆ ಬಂದ. "ಪ್ರಭು, ಆ ಮಾತನ್ನು ಬಾಯಲ್ಲಿ ಆಡಿದವನಿಗೆ ಗಡಿಪಾರು. ಹೊಟ್ಟೆಗೆ ಕಟ್ಟಿಕೊಂಡು ಬಂದವರಿಗೆ ಏನು ಶಿಕ್ಷೆ?"

ರಾಜನ ತುಟಿಯಂಚಿನಲ್ಲಿ ನಗು ಮೂಡಿತು. ಅಷ್ಟರಲ್ಲಿ ಸೋವಣ್ಣ ದನಿ ತಗ್ಗಿಸಿ ಹೇಳಿದ: "ಇಷ್ಟು ಜನರಲ್ಲಿ ಬುರುಡೆ ಇಲ್ಲದೆ ತೆಪ್ಪ ಹತ್ತಬೇಕಾದವಳು ಮದುಮಗಳೊಬ್ಬಳೇ. ಊರಿನ ಬುರುಡೆಗಳೆಲ್ಲ ಸಭೆಯವರ ಪಾಲಾದವು."

ರಾಜ ಮಗಳ ಕಡೆ ನೋಡಿದ. ಅವಳು ತೆಪ್ಪವನ್ನೇ ದಿಟ್ಟಿಸುತ್ತಿದ್ದಳು. ಅವನು ತನ್ನ ಪೀತಾಂಬರದ ಮಡಿಕೆಯೊಳಗೆ ಕೈ ಹಾಕಿ, ದುಂಡಗಿನ ಬುರುಡೆಯೊಂದನ್ನು ಬಿಚ್ಚಿ ತೆಗೆದ.

"ಮಹಾರಾಣಿ ಬಿಡಲೇ ಇಲ್ಲ," ಎಂದು ಗೊಣಗಿದ.

ಪದ್ಮಲೆ ಮೊದಲು ನಕ್ಕಳು. ಅನಂತರ ರಾಜ, ಆಮೇಲೆ ದಡವೆಲ್ಲ. ಭುಜಂಗಯ್ಯ ಮಾತ್ರ ಇನ್ನೂ ಏಳಲು ಹೆಣಗುತ್ತಿದ್ದ.

"ಮದುವೆ ದಡದಲ್ಲೇ ನಡೆಯಲಿ," ಎಂದ ರಾಜ, ಕೊರಳಿನ ಹಾರವನ್ನು ತೆಗೆದು ಸೋವಣ್ಣನಿಗೆ ಹಾಕುತ್ತ. "ಇನ್ನು ಮೇಲೆ ಅರಮನೆಯ ಯಾವ ಕೆಲಸಕ್ಕಾದರೂ ಮೊದಲ ಪ್ರಶ್ನೆ ನಿನ್ನದು. ಈಗ ನಿನಗೆ ಸಮಾಧಾನವೇ?"

"ಸಮಾಧಾನವೇ, ಪ್ರಭು," ಎಂದ ಸೋವಣ್ಣ, ಆಕಾಶದ ಕಡೆ ಕಣ್ಣು ಕಿರಿದು ಮಾಡಿ. "ಒಂದು ವೇಳೆ ಮಳೆ ಬಂದರೆ?"