ಬೋರಕ್ಕನ ಗುಡಿಸಲ ನೆಲ

“ಕೇಳಿರಪ್ಪೋ ಕೇಳಿ! ಕರಿಗಲ್ಲದುರ್ಗದ ದೇವಪ್ಪನಾಯಕ ದೊರೆಗಳ ಅಪ್ಪಣೆ! ಮದ್ದಿನ ಮನೆಗೆ ಹೊಸ ಯಜಮಾನ ಬೇಕು. ದೊರೆಗಳ ಮೂರು ಒಗಟು ಬಿಡಿಸಿದವನಿಗೆ ಆ ಯಜಮಾನಿಕೆ, ಮೇಲೊಂದು ಕೇಳಿದ ವರ. ತಪ್ಪಿದವನಿಗೆ ತಲೆದಂಡ!”

ಡಂಗುರ ಕೇಳಿ ಊರು ಬೆಚ್ಚಿತು. ತಿಂಗಳ ಹಿಂದಷ್ಟೇ, ಫಿರಂಗಿಗೆ ಮದ್ದು ಅರೆಯುವ ಆ ಮದ್ದಿನ ಮನೆ ಸಿಡಿದು ದೊರೆಯ ಒಬ್ಬನೇ ಮಗ ಸತ್ತಿದ್ದ. ಕಸುಬು ಅರಿಯದವನ ಕೈಗೆ ಮದ್ದು ಕೊಟ್ಟು ಮಗನನ್ನು ತಾನೇ ಕೊಂದೆನೆಂದು ದೊರೆ ಕೊರಗುತ್ತಿದ್ದ. ಇನ್ನು ಅರಿಯದವನು ಬಂದರೆ ಅವನೊಬ್ಬನೇ ಸಾಯಲಿ ಎಂಬುದು ಅವನ ಲೆಕ್ಕ. ದುಃಖ ಮನುಷ್ಯನನ್ನು ಎಷ್ಟು ಕಲ್ಲು ಮಾಡುತ್ತದೆ ನೋಡಿ.

ಪೆಟ್ಲುಪ್ಪಿನ ಕೇರಿಯ ಕಾಟಯ್ಯನಿಗೆ ಯಜಮಾನಿಕೆ ಬೇಕಿರಲಿಲ್ಲ. ಅವನ ಸಂಕಟವೇ ಬೇರೆ. ಮದ್ದಿಗೆ ಬೇಕಾದ ಪೆಟ್ಲುಪ್ಪು ತೆಗೆಯುವುದು ಆ ಕೇರಿಯವರ ಕಸುಬು. ಕೊಟ್ಟಿಗೆಯಲ್ಲಾಗಲಿ, ಹಳೆಯ ಮನೆಯೊಳಗಾಗಲಿ, ಮಣ್ಣು ಬೆಳ್ಳಗಾದ ಕಡೆಯೆಲ್ಲ ಅಗೆಯುವ ಹಕ್ಕು ಅವರಿಗಿತ್ತು, ಮನೆಯವರು ಬೇಡವೆನ್ನುವಂತಿರಲಿಲ್ಲ. ಆ ಮಣ್ಣಿಗೆ ನೀರು ಹೊಯ್ದು, ಸೋಸಿ, ಕುದಿಸಿ, ಆರಲು ಬಿಟ್ಟರೆ ಉಪ್ಪು ಹರಳುಗಟ್ಟುತ್ತಿತ್ತು. ಯುದ್ಧ ಹತ್ತಿರ ಬಂದಿತ್ತು. ಸುತ್ತಲಿನ ಮಣ್ಣೆಲ್ಲ ಮುಗಿದು, ಈಗ ಕೇರಿಯವರು ತಮ್ಮ ಗುಡಿಸಲುಗಳನ್ನೇ ಅಗೆಯಬೇಕೆಂದು ಅಪ್ಪಣೆಯಾಗಿತ್ತು.

ಕಾಟಯ್ಯನ ತಾಯಿ ಬೋರಕ್ಕ ಹಾಸಿಗೆ ಹಿಡಿದಿದ್ದಳು. “ನಿಮ್ಮಪ್ಪ ಉಸಿರು ಬಿಟ್ಟ ಜಾಗದಾಗೇ ನಾನೂ ಬಿಡ್ತೀನಿ ಮಗಾ. ಅಲ್ಲೀತಂಕ ಈ ನೆಲ ಮುಟ್ಟಿಸಬ್ಯಾಡ” ಎಂದು ಬೇಡಿದ್ದಳು. ಊರವರ ನೆಲವನ್ನೆಲ್ಲ ಅಗೆದವನು ತನ್ನದೊಂದನ್ನು ಬಿಡಿ ಎಂದು ಯಾವ ಮುಖ ಹೊತ್ತು ಕೇಳಬೇಕು? ಒಗಟು ಗೆದ್ದು ವರವಾಗಿ ಕೇಳುವುದೊಂದೇ ದಾರಿ ಎಂದುಕೊಂಡು, ಕಾಟಯ್ಯ ತಾಯಿಗೆ ಹೇಳದೆ ಕೋಟೆಯ ಕಡೆ ನಡೆದ.

ಅವನಿಗಿಂತ ಮುಂದೆ ಇಬ್ಬರು ನಿಂತಿದ್ದರು. ದೊರೆ ಕೇಳಿದ: “ಯಾರೂ ಬಿತ್ತದೆ ನೆಲದಿಂದ ಏಳುವ ಬೆಳೆ. ಕಾಡಿನಲ್ಲಿ ಬೆಳೆಯದು, ಮನುಷ್ಯರೂ ದನಕರುಗಳೂ ಬಹುಕಾಲ ಬಾಳಿದ ಕಡೆ ಮಾತ್ರ ಬೆಳೆಯುತ್ತದೆ. ಏನದು?”

ದಳವಾಯಿಯ ಅಳಿಯ ಮೀಸೆ ತಿರುವಿ “ಅಣಬೆ” ಎಂದ. ಅಣಬೆ ಕಾಡಿನಲ್ಲೂ ಏಳುತ್ತದೆಂದು ನೆನಪಾಗುವಷ್ಟರಲ್ಲಿ ಅವನನ್ನು ಎಳೆದೊಯ್ದಿದ್ದರು. ಆಸ್ಥಾನದ ಪಂಡಿತ ಬಹಳ ಹೊತ್ತು ಯೋಚಿಸಿ “ಕೀರ್ತಿ” ಎಂದ. ಪಾಪ, ಅವನೂ ಹೋದ.

“ಪೆಟ್ಲುಪ್ಪು, ಬುದ್ಧಿ” ಎಂದ ಕಾಟಯ್ಯ. “ಜನ, ದನ ಇದ್ದ ಜಾಗದಾಗೇ ಅದು ಹುಟ್ಟೋದು.”

ದೊರೆ ಮುಂದಕ್ಕೆ ಬಾಗಿದ. “ಬಿಳಿಯನೊಬ್ಬ, ಹಳದಿಯವನೊಬ್ಬ, ಕರಿಯನೊಬ್ಬ. ದೂರದೂರ ಇದ್ದಾಗ ಮೂವರೂ ಸಾಧುಗಳು. ಕೂಡಿದ ಮೇಲೆ, ಕೂಡಿಸಿದವನನ್ನೂ ಉಳಿಸರು. ಯಾರು?”

“ಪೆಟ್ಲುಪ್ಪು, ಗಂಧಕ, ಇದ್ದಿಲು. ಮೂರೂ ಕೂಡಿದ್ರೆ ಮದ್ದು. ನೀರು ಚಿಮುಕಿಸದೆ ಒಣಗ್ಲೇ ಅರೆದ್ರೆ ಅರೆಯೋನೇ ಹೋಗ್ತಾನೆ.”

ಯಾರೋ ಹಾಗೆ ಒಣಗಲೇ ಅರೆದದ್ದಕ್ಕೇ ದೊರೆಯ ಮಗ ಸತ್ತಿದ್ದ. ದೊರೆ ಕೇಳಿದ: “ಕೊನೆಯದು. ನಮ್ಮ ಮದ್ದಿಗೆ ಮೊದಲು ಬಿದ್ದ ಗೋಡೆ ಯಾವುದು?”

“ಶತ್ರುವಿನ ಕೋಟೆಗೋಡೆ ಅನ್ನೋ!” ಎಂದು ಕಾವಲಿನವನು ಕನಿಕರದಿಂದ ಪಿಸುಗುಟ್ಟಿದ.

ಕಾಟಯ್ಯ ತಲೆಯಾಡಿಸಿದ. “ಬಡವರ ಮನೆಗೋಡೆ, ಬುದ್ಧಿ. ಉಪ್ಪಿಗೇಂತ ಬುಡದ ಮಣ್ಣು ತೆಗೆದ ಮ್ಯಾಲೆ ಮಳೆಗಾಲಕ್ಕೆ ಗೋಡೆ ನಿಲ್ಲಾಕಿಲ್ಲ. ಫಿರಂಗಿ ಹಾರ್ಸೋಕೆ ಮೊದ್ಲೇ ಬಿದ್ದಿರ್ತದೆ. ಅಂಥವು ನಲವತ್ತು ನಾನೇ ಅಗೆದಿದ್ದೀನಿ.”

“ನನ್ನ ಮನಸ್ಸಿನಲ್ಲಿದ್ದದ್ದು ಮದ್ದಿನ ಮನೆಯ ಗೋಡೆ” ಎಂದ ದೊರೆ. “ನನ್ನ ಮಗನ ಮೇಲೆ ಬಿದ್ದದ್ದು.”

ಕಾಟಯ್ಯ ಕಣ್ಣು ಮುಚ್ಚಿ ತಾಯಿಯನ್ನು ನೆನೆದ.

“ಆದರೆ ನೀನು ಹೇಳಿದ್ದು ಅದಕ್ಕೂ ಮೊದಲು ಬಿದ್ದದ್ದು. ನಿನ್ನದೇ ಸರಿ. ಏನು ಬೇಕು, ಕೇಳು.”

“ಜನ ಮಲಗೋ ನೆಲ ಅಗೀಬಾರ್ದು ಬುದ್ಧಿ. ಕೊಟ್ಟಿಗೆ, ಹಾಳುಹಟ್ಟಿ ಸಾಕು.”

ದೊರೆ ಓಲೆ ಬರೆಸಿ ಮುದ್ರೆಯೊತ್ತಿ ಕೊಟ್ಟ. ಕಾಟಯ್ಯ ಓಡಿದ.

ಕೇರಿಗೆ ಬಂದರೆ ಗುಡಿಸಲೊಳಗೆ ಸೊಂಟದಾಳದ ಗುಂಡಿ. ಬೋರಕ್ಕ ಹೊರಗೆ ಚಾಪೆಯ ಮೇಲೆ ಮಲಗಿದ್ದಳು.

“ಬಂದ್ಯಾ ಮಗಾ? ನೆಲಕ್ಕೋಸ್ಕರ ನೀನು ತಲೆ ಒಡ್ಡಾಕೆ ಹೋದೆ ಅಂತ ಕೇರಿಯೋರು ಅಂದ್ರು. ನೆಲಾನೇ ಇಲ್ದಿದ್ರೆ ಯಾಕೆ ಸಾಯ್ತೀಯ ಅಂತ ನಾನೇ ಅಗೀರಪ್ಪಾ ಅಂದೆ. ನಿಂಗೆ ಸುದ್ದಿ ಮುಟ್ಟಿಸಾಕೆ ಆಳು ಓಡಿಸಿದ್ದೆ. ಸಿಕ್ಕಿದ್ನಾ?”

ಕಾಟಯ್ಯನಿಗೆ ದಾರಿಯಲ್ಲಿ ಯಾರೂ ಸಿಕ್ಕಿರಲಿಲ್ಲ. ಓಲೆಯನ್ನು ಅವನು ಮೆಲ್ಲಗೆ ಪಂಚೆಯ ಮಡಿಕೆಗೆ ಸರಿಸಿದ.

“ಸಿಕ್ಕಿದ್ನವ್ವ. ಕೋಟೆ ಬಾಗಿಲಾಗೇ ಸಿಕ್ಕಿದ. ಅಲ್ಲಿಂದ್ಲೇ ತಿರುಗಿ ಬಂದೆ. ದೊರೆ ಮುಖಾನೂ ನೋಡ್ಲಿಲ್ಲ.”

“ನೋಡಿದ್ಯಾ, ನಾನೇ ನಿನ್ನ ಉಳಿಸ್ಕಂಡೆ” ಎಂದು ಬೋರಕ್ಕ ನಕ್ಕಳು. ಹೊತ್ತು ಮುಳುಗುವ ಮೊದಲೇ ಮಗನ ತೊಡೆಯ ಮೇಲೆ ಪ್ರಾಣ ಬಿಟ್ಟಳು.

ಆ ಸೀಮೆಯಲ್ಲಿ ಮತ್ತೆ ಯಾರ ಮನೆಯ ನೆಲವನ್ನೂ ಅಗೆಯಲಿಲ್ಲ. ಕಾಟಯ್ಯ ಮದ್ದಿನ ಮನೆಯ ಯಜಮಾನನಾಗಿ ಬಹಳ ಕಾಲ ಬಾಳಿದ. ಸುಖವಾಗಿದ್ದನೋ ಇಲ್ಲವೋ ಹೇಳಲಾರೆ. ಒಗಟು ಗೆದ್ದದ್ದು ಹೇಗೆಂದು ಯಾರಾದರೂ ಕೇಳಿದರೆ ಅವನು ಮಾತು ತಪ್ಪಿಸಿ, ಆ ದಿನ ತನ್ನ ಜೀವ ಉಳಿಸಿದ್ದು ಅವ್ವ ಎಂದಷ್ಟೇ ಹೇಳುತ್ತಿದ್ದ.