ಪಾದರಸ ಹೋದ ದಾರಿ

"ಗುರುಗಳೇ, ಹಿತವಾಗಿ ಉಂಡು ಹಿತವಾಗಿ ನಡೆದುಕೊಂಡವನಿಗೂ ರೋಗ ಏಕೆ ಬರುತ್ತದೆ?" ಎಂದು ಶಿಷ್ಯ ಈರಭದ್ರ ಕೇಳಿದ. ಅವನು ವೈದ್ಯ ಕಲಿಯಲು ಬಂದವನು. ನಾಡಿ ಹಿಡಿದರೆ ಎಲ್ಲ ತಿಳಿಯುತ್ತದೆ ಎಂದು ನಂಬಿದ್ದ.

ಗುರುಗಳು ನಕ್ಕರು. "ನಾಡಿ ಹಿಡಿಯುವುದನ್ನು ಕಲಿತೆ, ಸಂತೋಷ. ಮನೆ ನೋಡುವುದನ್ನು ಯಾವಾಗ ಕಲಿಯುತ್ತೀಯೋ ಮಾರಾಯ? ಕೂತುಕೋ, ಹೇಳುತ್ತೇನೆ."

ಒಂದು ಊರಿನಲ್ಲಿ ಒಬ್ಬ ಅಕ್ಕಸಾಲಿಗನಿದ್ದ. ಅಕ್ಕಸಾಲಿಗ ಅಕ್ಕನ ಚಿನ್ನವನ್ನೂ ಬಿಡ ಎಂದು ಗಾದೆ. ಇವನು ಹಾಗಲ್ಲ. ಗುಲಗಂಜಿ ತೂಕ ಉಳಿದರೂ ಕರೆದು ಕೊಡುವವನು. ಕುಡಿತವಿಲ್ಲ, ಜಗಳವಿಲ್ಲ. ದೇವರ ತಾಮ್ರದ ಮುಖವಾಡಗಳಿಗೆ ಚಿನ್ನದ ಲೇಪ ಹಾಕುವುದು ಅವನ ಕಸುಬು.

ಚಿನ್ನವನ್ನು ಪಾದರಸದಲ್ಲಿ ಕರಗಿಸಿದರೆ ಬೆಣ್ಣೆಯ ಹಾಗೆ ಮೆತ್ತಗಾಗುತ್ತದೆ. ಅದನ್ನು ತಾಮ್ರಕ್ಕೆ ಸವರಿ ಕೆಂಡದ ಮೇಲೆ ಹಿಡಿಯುತ್ತಿದ್ದ. ಪಾದರಸ ಹೋಗುತ್ತಿತ್ತು, ಚಿನ್ನ ಉಳಿಯುತ್ತಿತ್ತು. ಗಾಳಿ ಬಂದರೆ ಬೂದಿ ಎದ್ದು ಚಿನ್ನದ ಮೇಲೆ ಕೂರುತ್ತದೆ. ಅದಕ್ಕೇ ಬಾಗಿಲು ಹಾಕಿ, ಸಂದುಗಳಿಗೆ ಬಟ್ಟೆ ತುರುಕಿ ಕೆಲಸಕ್ಕೆ ಕೂರುತ್ತಿದ್ದ. ಅವನ ತಂದೆಯೂ ಹಾಗೇ ಕೂತವನು. ಇದ್ದದ್ದು ಒಂದೇ ಕೋಣೆ. ಅಡುಗೆ ಅಲ್ಲೇ, ಮಗುವಿನ ತೊಟ್ಟಿಲೂ ಅಲ್ಲೇ.

ಮೊದಲನೆಯ ಮಗು ನಾಲ್ಕು ತುಂಬುವುದರೊಳಗೆ ಹೋಯಿತು. ಎರಡನೆಯದು ಹೆಣ್ಣು. ಯಮನಿಗೂ ಬೇಡವಾಗಲಿ ಎಂದು ಅದಕ್ಕೆ ತಿಪ್ಪವ್ವ ಎಂದು ಹೆಸರಿಟ್ಟರು. ತಿಪ್ಪೆಯಲ್ಲಿ ಒಮ್ಮೆ ಹೊರಳಿಸಿಯೂ ತಂದರು. ನಗಬೇಡ. ಒಂದನ್ನು ಮಣ್ಣಿಗೆ ಕೊಟ್ಟವರು ಏನು ಬೇಕಾದರೂ ಮಾಡುತ್ತಾರೆ.

ತಿಪ್ಪವ್ವನಿಗೆ ಮೂರು ತುಂಬಿತು. ಒಂದು ದಿನ ತುತ್ತು ಎತ್ತುವಾಗ ಅವಳ ಕೈ ನಡುಗಿತು. ಅನ್ನ ಮಡಿಲಿಗೆ ಉದುರಿತು. ತಾಯಿ ನೋಡಿದಳು, ಗಂಡನಿಗೆ ಹೇಳಲಿಲ್ಲ. ಮರುದಿನವೂ ಉದುರಿತು. ಆಮೇಲೆ ವಸಡಿನಲ್ಲಿ ರಕ್ತ ಕಂಡಿತು. ಮೊದಲನೆಯದಕ್ಕೂ ಹೀಗೇ ಶುರುವಾಗಿತ್ತು. ಅಯ್ಯೋ, ಆ ತಾಯಿ ಪ್ರತಿ ಊಟಕ್ಕೂ ಮಗಳ ಮುಖ ನೋಡುತ್ತಿರಲಿಲ್ಲ, ಕೈ ನೋಡುತ್ತಿದ್ದಳು.

ತಾಯಿತ ಕಟ್ಟಿಸಿದರು. ದೃಷ್ಟಿ ತೆಗೆದರು. ಹಸುವಿನ ಹಾಲು ಬಿಡಿಸಿ ಮೇಕೆ ಹಾಲು ಕುಡಿಸಿದರು. ಮಗುವಿಗೆ ಚಳಿ ತಗುಲೀತೆಂದು ತೊಟ್ಟಿಲನ್ನು ಕೆಂಡದ ಹತ್ತಿರಕ್ಕೇ ಸರಿಸಿದರು. ನಡುಕ ಹೆಚ್ಚಾಯಿತು.

ಕೊನೆಗೆ ಒಬ್ಬಳು ಮುದುಕಿ ಸೂಲಗಿತ್ತಿಯನ್ನು ಕರೆತಂದರು. ಅವಳು ಮಗುವನ್ನು ಮುಟ್ಟಲಿಲ್ಲ. ಕೋಣೆಯನ್ನು ಸುತ್ತ ನೋಡಿ ಅಕ್ಕಸಾಲಿಗನನ್ನು ಕೇಳಿದಳು.

"ಈ ಮುಖವಾಡಕ್ಕೆ ಎಷ್ಟು ಪಾದರಸ ಹಾಕಿದೆಯಪ್ಪಾ?"

"ಆರು ತೊಲ, ಅಜ್ಜಿ."

"ಕಾಯಿಸಿದ ಮೇಲೆ ಎಷ್ಟು ಉಳಿಯಿತು?"

"ಒಂದು ಹನಿಯೂ ಉಳಿಯುವುದಿಲ್ಲ. ಎಲ್ಲ ಹೋಗಿಬಿಡುತ್ತದೆ."

"ಬಾಗಿಲು ಹಾಕಿದ್ದೆ. ಸಂದಿಗೆ ಬಟ್ಟೆ ತುರುಕಿದ್ದೆ. ಹೋಗಿದ್ದು ಎಲ್ಲಿಗೆ?"

ಅಕ್ಕಸಾಲಿಗ ಬಾಗಿಲ ಕಡೆ ನೋಡಿದ. ಆಮೇಲೆ ತೊಟ್ಟಿಲ ಕಡೆ ನೋಡಿದ. ಕೈಯಲ್ಲಿದ್ದ ಇಕ್ಕಳ ಕೆಳಗೆ ಬಿತ್ತು. "ಅಯ್ಯೋ ನನ್ನ ಕೈಯಾರೆ!" ಎಂದು ತಲೆ ಚಚ್ಚಿಕೊಂಡ.

ಬೈಯಬೇಡ ಅವನನ್ನು. ಮಗುವಿನ ಮೇಲೆ ಪ್ರಾಣ ಇಟ್ಟುಕೊಂಡವನು. ಕಣ್ಣಿಗೆ ಕಾಣದ್ದು ಇಲ್ಲ ಎಂದುಕೊಂಡಿದ್ದ, ಅಷ್ಟೆ. ಅಂದೇ ತಾಯಿ, ಮಗಳು ಇಬ್ಬರನ್ನೂ ತವರಿಗೆ ಕಳಿಸಿದ. ಕೋಣೆ ತೊಳೆದು ಬಳಿದ. ಹಿಂದಿನ ಗೋಡೆ ಒಡೆಸಿ ದೊಡ್ಡ ಕಿಂಡಿ ಮಾಡಿಸಿದ. ಅಗ್ಗಿಷ್ಟಿಕೆಯನ್ನು ಅದರ ಕೆಳಗಿಟ್ಟು, ಮೇಲೆ ಮಣ್ಣಿನ ಕೊಳವೆ ಕೂರಿಸಿದ. ಪಾದರಸದ ಹಬೆಯೆಲ್ಲ ಆ ಕಿಂಡಿಯಿಂದ ಹೊರಗೆ ಹೋಗತೊಡಗಿತು. ಆರು ತಿಂಗಳ ಮೇಲೆ ತಿಪ್ಪವ್ವ ಮನೆಗೆ ಬಂದಳು. ನಡುಕ ಮೆಲ್ಲಗೆ ಇಳಿದಿತ್ತು. ತುಂಬಿದ ಚೊಂಬನ್ನು ತುಳುಕದ ಹಾಗೆ ಎರಡೂ ಕೈಯಲ್ಲಿ ಎತ್ತಿ ತಂದು ಅಪ್ಪನ ಮುಂದೆ ಇಟ್ಟಳು. ಅವನು ಅತ್ತುಬಿಟ್ಟ. ಊರಿನ ದೇವರಿಗೆಲ್ಲ ಹಣ್ಣುಕಾಯಿ ಮಾಡಿಸಿದ. ಮತ್ತೆ ಕೆಲಸಕ್ಕೆ ಕೂತ.

ಗುರುಗಳು ಇಷ್ಟು ಹೇಳಿ ನಿಲ್ಲಿಸಿದರು. ಈರಭದ್ರ ಆವರೆಗೂ ಬಿಗಿಹಿಡಿದಿದ್ದ ಉಸಿರು ಬಿಟ್ಟ.

"ಸದ್ಯ, ಮಗು ಉಳಿಯಿತಲ್ಲ! ಎಲ್ಲಿ ಏನಾಗುತ್ತದೋ ಎಂದು ಹೆದರಿದ್ದೆ. ಈಗ ತಿಳಿಯಿತು ಗುರುಗಳೇ. ರೋಗ ಮೈಯೊಳಗೆ ಹುಟ್ಟಲಿಲ್ಲ, ಮನೆಯ ಗಾಳಿಯಲ್ಲಿ ಹುಟ್ಟಿತು. ಅದು ಹೊರಗೆ ಹೋಯಿತು, ಮನೆ ಬದುಕಿತು."

ಗುರುಗಳು ತಲೆ ಅಲ್ಲಾಡಿಸಿದರು.

"ಆ ಕಿಂಡಿಯ ಆಚೆ ಯಾರ ಮನೆ ಇತ್ತೆಂದು ಅವನೂ ನೋಡಲಿಲ್ಲ, ನೀನೂ ಕೇಳಲಿಲ್ಲ."